ಹೆಸರೊಂದು ಬಿಟ್ಟು ಎಲ್ಲ ಬರೆದೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಿಳಿಗೆರೆಯಿಂದ ತಿಪಟೂರಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದವಳು.

ಕೊನೆಯ ವರ್ಷ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಕತೆ ಬರೆದೆ. ಮೇಷ್ಟ್ರು ನೋಡಿ, "ಬಡ ಹೆಂಗಸು ಅಂತ ಬರೆದರೆ ಯಾರಿಗಮ್ಮ ಕಾಣುತ್ತೆ? ಅವಳ ಕೈ ಹೇಗಿತ್ತು, ಅದನ್ನ ಬರಿ," ಅಂದರು. ನನಗೆ ಚೆನ್ನಾಗಿ ಗೊತ್ತಿದ್ದ ಕೈ ಚಿಕ್ಕಮ್ಮನದು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಪಕ್ಕದ ತೋಟದ ಮನೆಯಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುವ ಕೆಲಸ ಅವಳದು.

ಬರೆದೆ. ಎಡ ಹೆಬ್ಬೆರಳಿಗೆ ಸುತ್ತಿದ ಹಳೇ ರವಿಕೆಯ ಹಸಿರು ಚೂರು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಲೊಟಲೊಟ ಅಂದರೆ ಮಾತ್ರ ಮಚ್ಚಿನ ಬೆನ್ನಿಂದ ಸುತ್ತಲೂ ತಟ್ಟುವುದು. ಚಿಪ್ಪು ಉದುರಿ ಇಡೀ ಗಿಟುಕು ಅಂಗೈಗೆ ಬರಬೇಕು. ಒಡೆದರೆ ಬೇರೆ ರಾಶಿಗೆ. ಸಂಜೆಯ ಕೊನೆಯ ಕಾಯಿಗೆ ಮಾತ್ರ ಅವಳ ಏಟು ಒಂಚೂರು ಜೋರಾಗುತ್ತಿತ್ತು. ಆ ಒಡಕು ರಾಶಿಗೆ ಹೋಗದೆ ಮಡಿಲಿಗೆ ಜಾರುತ್ತಿತ್ತು. ಅದನ್ನೂ ಬರೆದೆ. ಹೆಸರು ಬರೆಯಲಿಲ್ಲ. ಅಷ್ಟು ಸಾಕು ಅಂದುಕೊಂಡಿದ್ದೆ.

ತೋಟದ ಮನೆಯ ಮಗಳು ಓದುತ್ತಿದ್ದುದೂ ಅದೇ ಕಾಲೇಜಿನಲ್ಲಿ. ಸಂಚಿಕೆ ಅವಳ ಕೈಯಲ್ಲಿ ಮನೆಗೆ ಬಂತು; ಅವಳಮ್ಮ ಅಂಗಳದಲ್ಲಿ ಎಲ್ಲರೆದುರು ಕತೆ ಓದಿಸಿದರಂತೆ. ಹಸಿರು ಚೂರು ಬಂದಾಗಲೇ ಕೆಲಸದ ಹೆಂಗಸರು ನಕ್ಕರಂತೆ. "ಅಯ್ಯೋ, ಇದು ನೀನೇ ಕಣೇ! ಫೋಟೋ ಹಿಡ್ದಂಗೈತೆ!" ಚಿಕ್ಕಮ್ಮನೂ ನಕ್ಕಳಂತೆ, ಮಡಿಲಿನ ಸಾಲು ಬರುವ ತನಕ.

ಯಾರೂ ಬೈಯಲಿಲ್ಲ. ಮಾರನೇ ದಿನದಿಂದ ಸಂಜೆ ಹೊರಡುವಾಗ ಮನೆಯೊಡತಿ ಅವಳೊಬ್ಬಳಿಗೆ ಮಾತ್ರ, "ಮಡ್ಲು ಒಸಿ ಕೊಡವು," ಅನ್ನುತ್ತಿದ್ದರಂತೆ. ನಾಲ್ಕು ದಿನ ಕೊಡವಿದಳು. ಐದನೇ ದಿನ ಕೆಲಸಕ್ಕೆ ಹೋಗಲಿಲ್ಲ.

"ಅದು ಕತೆ ಚಿಕ್ಕಮ್ಮ, ನಿನ್ನ ಹೆಸರೇ ಇಲ್ಲ," ಅಂದೆ.

"ಓದ್ದೋಳು ಕಣವ್ವ ನೀನು. ಏಟು ಎಷ್ಟು ಜೋರಾಗಿ ಬಿತ್ತು ಅಂತ್ಲೂ ಬರ್ದೆ. ಆ ಕೊಬ್ರಿ ಚೂರು ಯಾರ ಡಬ್ಬಿಗೆ ಬೀಳ್ತಿತ್ತು ಅಂತ ಯಾಕ್ ಬರೀಲಿಲ್ಲ?"

ಬೀಳುತ್ತಿದ್ದುದು ನನ್ನ ಡಬ್ಬಿಗೆ. ಪರೀಕ್ಷೆಯ ದಿನಗಳಲ್ಲಿ, ಬೆಲ್ಲದ ಜೊತೆ. ಗೆಳತಿಯರಿಗೆ ಹಂಚಿಯೂ ತಿಂದಿದ್ದೇನೆ. ಮರೆತು ಬಿಟ್ಟದ್ದಲ್ಲ, ನಾಚಿಕೆಯಾಗಿ ಬಿಟ್ಟದ್ದು.

ಈಗ ನಾನು ಚಿಕ್ಕನಾಯಕನಹಳ್ಳಿಯಲ್ಲಿ ಟೀಚರು. ಒಂದು ಕೋಣೆ, ಒಬ್ಬಳೇ. ಭಾನುವಾರ ಬಸ್ಸು ಹತ್ತಿ ಊರಿಗೆ ಹೋಗುತ್ತೇನೆ. ಚಿಕ್ಕಮ್ಮ ಮುದ್ದೆ ಬಡಿಸುತ್ತಾಳೆ. "ಬಸ್ಸು ರಶ್ಶಿತ್ತಾ?" ಅನ್ನುತ್ತಾಳೆ. ಅಷ್ಟೇ. ಮೊದಲೆಲ್ಲ ಸೊಪ್ಪು ಬಿಡಿಸುತ್ತಾ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದವಳು, ಈಗ ನಾನು ಎದುರಿಗಿದ್ದಷ್ಟು ಹೊತ್ತೂ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಾಳೆ.