ಬಾರದ ಕೆಮ್ಮು

ನಮ್ಮ ದೊಡ್ಡಮ್ಮನ ಕೆಮ್ಮಿಗೆ ಒಂದು ಕಾಲದಲ್ಲಿ ಭಾರಿ ಬೆಲೆಯಿತ್ತು. ಕಾಯಿಲೆಯ ಕೆಮ್ಮಲ್ಲ, ಬೇಕೆಂದೇ ಕೆಮ್ಮುವ ಕೆಮ್ಮು. ಅವಳು ದುಡಿಯುತ್ತಿದ್ದದ್ದು ಒಂದು ಬಟ್ಟೆ ಕಾರ್ಖಾನೆಯ ಮಹಡಿಯಲ್ಲಿ. ಉದ್ದನೆಯ ಕೋಣೆ, ಎರಡು ಸಾಲು ಹೊಲಿಗೆ ಮಿಷನ್ನು, ತಲೆಯ ಮೇಲೆ ಗರಗರ ಎನ್ನುವ ಫ್ಯಾನು. ಷರ್ಟಿನ ಕಾಲರ್ ಹೊಲಿಯುವುದು ಅವಳ ಪಾಲಿನ ಕೆಲಸ. ಅವಳ ಮಿಷನ್ನು ಸಾಲಿನ ಕೊನೆಯಲ್ಲಿ, ಮೆಟ್ಟಿಲ ಬಾಗಿಲಿಗೆ ಅಂಟಿಕೊಂಡಂತೆ ಇತ್ತು. ಕತ್ತು ತುಸು ಓರೆ ಮಾಡಿದರೆ ಕೆಳಗಿನಿಂದ ಯಾರು ಹತ್ತಿ ಬರುತ್ತಿದ್ದಾರೆಂದು ಅವಳಿಗೆ ಮಾತ್ರ ಕಾಣುತ್ತಿತ್ತು.

ಹತ್ತಿ ಬರುವವನು ಸೂಪರ್‌ವೈಸರ್. ಹೆಂಗಸರೆಲ್ಲ ಸೇರಿ ಅವನಿಗೆ ಇಟ್ಟ ಹೆಸರು ಬೆಕ್ಕು. ರಬ್ಬರ್ ಅಟ್ಟೆಯ ಬೂಟು ಹಾಕಿಕೊಂಡು, ಚೂರೂ ಸದ್ದಾಗದಂತೆ ಮೆಟ್ಟಿಲು ಹತ್ತಿ ಬೆನ್ನ ಹಿಂದೆ ನಿಂತುಬಿಡುತ್ತಿದ್ದ. ಮಾತಾಡಿದರೆ ತಪ್ಪು, ಸೀಟು ಬಿಟ್ಟು ಎದ್ದರೆ ತಪ್ಪು, ನಕ್ಕರಂತೂ ಮಹಾಪರಾಧ. ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದಕ್ಕೆ ಮನೆಯ ದಾರಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ತಲೆ ಕೆಡಿಸಿಕೊಂಡ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಕಟ್ಟಿದವಳು ನಮ್ಮ ದೊಡ್ಡಮ್ಮ. ತಿರುವಿನಲ್ಲಿ ಅವನ ಬೋಳುತಲೆ ಕಂಡಿತೋ, ಗಂಟಲು ಸರಿಮಾಡಿಕೊಳ್ಳುವವಳಂತೆ ಕೆಮ್ಮುವಳು. ಆ ಕ್ಷಣಕ್ಕೆ ಬಾಯಿಗಳು ಮುಚ್ಚಿ, ಮಿಷನ್ನುಗಳು ಓಡಿ, ಕೋಣೆ ತುಂಬ ಪತಿವ್ರತೆಯರಂಥ ಮುಖಗಳು! ಬೆಕ್ಕು ಒಳಗೆ ಬಂದು ಮೀಸೆ ತಿರುವಿಕೊಂಡು ಹೋಗುತ್ತಿತ್ತು.

ಈ ಕೆಮ್ಮಿನಿಂದ ಹೆಚ್ಚು ಉಳಿದುಕೊಂಡವಳು ಗುಂಡಿಯಕ್ಕ. ಷರ್ಟಿಗೆ ಗುಂಡಿ ಹಾಕುವ ಮಿಷನ್ನು ಅವಳದು, ಅದಕ್ಕೇ ಆ ಹೆಸರು. ಕೂತಲ್ಲಿ ಕೂರುವ ಜಾತಿಯಲ್ಲ. ಇವಳ ಹತ್ತಿರ ದಾರ ಕೇಳಬೇಕು, ಅವಳ ಮಗುವಿನ ಜ್ವರ ವಿಚಾರಿಸಬೇಕು, ನೀರು ಕುಡಿಯಬೇಕು, ಎಲ್ಲಕ್ಕೂ ಎದ್ದೇ ಹೋಗಬೇಕು. ಎರಡು ಎಚ್ಚರಿಕೆ ಆಗಲೇ ಅವಳ ಕೊರಳಿಗೆ ಬಿದ್ದಿದ್ದವು. "ನನ್ನ ಕೆಲ್ಸ ಇರೋದು ನಿಮ್ಮ ಗಂಟಲಲ್ಲಿ ಅಕ್ಕಾ" ಎಂದು ದೊಡ್ಡಮ್ಮನಿಗೆ ಹೇಳಿ ನಗುತ್ತಿದ್ದಳು.

ನನ್ನ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ದೊಡ್ಡಮ್ಮ. ದೊಡ್ಡಪ್ಪ ಅದಕ್ಕೂ ಮೊದಲೇ ಕಣ್ಣು ಮುಚ್ಚಿದ್ದ. ಬಾಡಿಗೆಯ ಒಂದೂವರೆ ಕೋಣೆ, ದುಡಿಯುವ ಕೈ ಅವಳದೊಂದೇ, ನಾನು ಇನ್ನೂ ಓದುತ್ತಿದ್ದೆ. ಆ ಕೆಲಸ ಹೋದರೆ ನನ್ನ ಓದೂ ಹೋದಂತೆ, ತಲೆಯ ಮೇಲಿನ ಸೂರೂ ಹೋದಂತೆ. ಇದನ್ನು ಅವಳು ಬಾಯಿಬಿಟ್ಟು ಆಡಿದವಳಲ್ಲ.

ಹೀಗಿರುವಾಗ ಅವಳಿಗೆ ನಿಜವಾದ ಕೆಮ್ಮೇ ಬಂತು. ಕಫವಿಲ್ಲ, ಜ್ವರವಿಲ್ಲ, ಬರೀ ಒಣ ಕೆಮ್ಮು. ಗಂಟಲಲ್ಲಿ ಕೂದಲು ಸಿಕ್ಕಿದಂತೆ ಕೆರೆತ, ಶುರುವಾದರೆ ಕಣ್ಣಲ್ಲಿ ನೀರು ಬರುವವರೆಗೂ ಬಿಡುತ್ತಿರಲಿಲ್ಲ. ಮೊದಲಿಗೆ ಕಾರ್ಖಾನೆಯಲ್ಲಿ ಅದೊಂದು ತಮಾಷೆ. ಅವಳು ಕೆಮ್ಮಿದಾಗಲೆಲ್ಲ ಹೆಂಗಸರು ಬೆಚ್ಚಿಬಿದ್ದು ಮಿಷನ್ ತುಳಿಯುವುದು, ಬಾಗಿಲಲ್ಲಿ ಯಾರೂ ಇಲ್ಲದಿರುವುದು, ಬೈದುಕೊಂಡು ನಗುವುದು. ಕೆಲವು ದಿನಕ್ಕೆ ನಗು ಸತ್ತಿತು. ತೋಳ ಬಂತು ತೋಳ ಎಂದ ಹುಡುಗನ ಗತಿಯೇ ಆಯಿತು. ಅವಳು ಕೆಮ್ಮುತ್ತಿದ್ದಾಗಲೇ ಒಂದು ದಿನ ಬೆಕ್ಕು ಬಂದು ನಿಂತಿತು, ಯಾರೂ ತಲೆ ಎತ್ತಲಿಲ್ಲ. ನಾಲ್ಕಾರು ಜನ ಸಿಕ್ಕಿಬಿದ್ದರು. ಗುಂಡಿಯಕ್ಕ ಅವತ್ತು ರಜೆ ಹಾಕಿದ್ದಳು, ಬಚಾವಾದಳು.

ಇಷ್ಟು ವರ್ಷ ಯಾರ ಕೆಮ್ಮಿನ ನೆರಳಲ್ಲಿ ಹರಟೆ ಹೊಡೆದಿದ್ದರೋ ಅದೇ ಬಾಯಿಗಳು ಈಗ ತಿರುಗಿದವು. ಟಿ.ಬಿ. ಇರಬೇಕು ಅಂದಳೊಬ್ಬಳು. ನೀರಿನ ಲೋಟ ಬೇರೆ ಇಡಿ ಅಂದಳು ಇನ್ನೊಬ್ಬಳು. ಸೂಪರ್‌ವೈಸರ್ ಕಿವಿಗೆ ಹೋಗಿ ಊದಿದವಳು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ನಾನು ಅವಳ ಮನೆ ಬಾಗಿಲಿಗೇ ಹೋಗಿ ಜಾಡಿಸುತ್ತಿದ್ದೆ.

"ಬಿಳೀ ಷರ್ಟಿನ ಮೇಲೆಲ್ಲ ಕೆಮ್ತಾ ಕೂತ್ರೆ ಹೇಗಮ್ಮಾ? ವಾಸಿ ಮಾಡ್ಕೊಂಡು ಬಾ, ಆಮೇಲೆ ನೋಡೋಣ" ಅಂದ ಅವನು. ಮರುದಿನವೇ ಕಾಲರ್ ಮಿಷನ್ನಿನ ಮುಂದೆ ಬೇರೆ ಹುಡುಗಿ ಕೂತಿದ್ದಳು.

ಆಮೇಲೆ ಶುರುವಾಯಿತು ಡಾಕ್ಟರುಗಳ ಮನೆಯ ಅಲೆದಾಟ. ಒಬ್ಬರು "ಏನು ಕೆಲಸ?" ಅಂದರು. ಬಟ್ಟೆ ಹೊಲಿಯುವುದು ಅಂದಳು. "ಹಾಗಾದ್ರೆ ಧೂಳು, ಬಾಯಿಗೆ ಬಟ್ಟೆ ಕಟ್ಕೊಳ್ಳಿ." ಕೆಲಸವೇ ಹೋದ ಮೇಲೆ ಯಾವ ಧೂಳು? ಇನ್ನೊಬ್ಬರು ಹೊಟ್ಟೆಯ ಹುಳಿ ಗಂಟಲಿಗೆ ಏರುತ್ತಿದೆ, ಉಂಡ ಕೂಡಲೇ ಮಲಗಬೇಡಿ, ತಲೆದಿಂಬು ಎತ್ತರ ಮಾಡಿ ಅಂದರು. ಮಾಡಿದಳು. ಮತ್ತೊಬ್ಬರು ಮೂಗಿನ ನೀರು ಹಿಂದಿನಿಂದ ಗಂಟಲಿಗೆ ಇಳಿಯುತ್ತಿದೆ ಅಂದರು. ಉಬ್ಬಸ ಇರಬಹುದೆಂದು ಊದಿಸಿ ನೋಡಿದರು, ಎದೆಯ ಎಕ್ಸ್‌ರೇ ತೆಗೆಸಿದರು. ಎಲ್ಲ ಚೊಕ್ಕ. ಬಿಸಿನೀರು, ಜೇನುತುಪ್ಪ, ಹಬೆ, ಬಣ್ಣಬಣ್ಣದ ಸಿರಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಎಲ್ಲರೂ ಎಳೆದರು. "ಬೇರೆ ಕಾಯಿಲೆ ಏನಾದ್ರೂ ಇದೆಯೇನಮ್ಮಾ?" ಎಂದು ಕೇಳಿದವರಿಗೆಲ್ಲ ಅವಳು "ಇಲ್ಲ ಡಾಕ್ಟ್ರೇ, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತಿದ್ದಳು.

ಹಳೆಯ ಜೊತೆಗಾತಿಯರಲ್ಲಿ ಮನೆಯ ಹೊಸ್ತಿಲು ತುಳಿದವಳು ಗುಂಡಿಯಕ್ಕ ಒಬ್ಬಳೇ. ಬೇರೆ ಲೋಟ ಕೇಳಲಿಲ್ಲ, ದೊಡ್ಡಮ್ಮನ ಪಕ್ಕದಲ್ಲೇ ಚಾಪೆಯ ಮೇಲೆ ಕೂತಳು. ಸ್ವಲ್ಪ ಹೊತ್ತು ಆ ಕೆಮ್ಮನ್ನು ಕೇಳಿಸಿಕೊಂಡು, "ಅಕ್ಕಾ, ಬಿಪಿ ಮಾತ್ರೆ ಏನಾದ್ರೂ ನುಂಗ್ತೀರಾ?" ಅಂದಳು.

"ನುಂಗ್ತೀನಿ. ಅದಕ್ಕೂ ಇದಕ್ಕೂ ಏನು?"

"ನಮ್ಮ ಮಾವನಿಗೂ ಥೇಟ್ ಹೀಗೇ ಇತ್ತು. ಮಾತ್ರೆ ಬದಲಾಯಿಸಿದ ಮೇಲೆ ಹೋಯ್ತು. ಡಾಕ್ಟ್ರಿಗೆ ಹೇಳಿದ್ರಾ ನೀವು?"

ಹೇಳಿರಲಿಲ್ಲ. "ಬಿಪಿ ಒಂದು ಕಾಯಿಲೆನೇನೆ? ವಯಸ್ಸಾದೋರಿಗೆಲ್ಲ ಇರುತ್ತೆ" ಅಂದಳು ದೊಡ್ಡಮ್ಮ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಕನ್ನಡಿಯ ಪಕ್ಕದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇದ್ದ ಮಾತ್ರೆ ಅದು. ಅದನ್ನು ಶುರು ಮಾಡಿದ ಸ್ವಲ್ಪ ದಿನಕ್ಕೇ ಕೆಮ್ಮೂ ಶುರುವಾಗಿತ್ತು. ನುಂಗುವವಳು ಹೇಳಲಿಲ್ಲ, ಬರೆದವರು ನೆನಪಿಸಿಕೊಳ್ಳಲಿಲ್ಲ, ಮಿಕ್ಕವರು ಏನು ನುಂಗುತ್ತೀರಿ ಎಂದು ಒಂದು ಮಾತು ಕೇಳಲಿಲ್ಲ.

ಗುಂಡಿಯಕ್ಕನೇ ಅವಳ ಕೈಹಿಡಿದು ಮಾವನನ್ನು ನೋಡಿದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಮಾತ್ರೆಯ ಹಾಳೆ ತಿರುಗಿಸಿ ನೋಡಿ, "ಈ ಜಾತಿಯ ಮಾತ್ರೆ ಕೆಲವರಿಗೆ ಒಣಕೆಮ್ಮು ತರುತ್ತೆ" ಅಂದರು. "ಹಾಗಂತ ನೀವಾಗೇ ನಿಲ್ಲಿಸಿಬಿಡಬೇಡಿ, ಬಿಪಿ ಏರಿದ್ರೆ ಕೆಮ್ಮಿಗಿಂತ ದೊಡ್ಡ ಗಂಡಾಂತರ. ಬೇರೆ ಮಾತ್ರೆ ಬರೆದುಕೊಡ್ತೀನಿ. ಕೆಮ್ಮು ಇವತ್ತೇ ಹೋಗಲ್ಲ, ಕೆಲವು ವಾರ ಹಿಡಿಯುತ್ತೆ. ಆಗಲೂ ಹೋಗದಿದ್ರೆ ಮತ್ತೆ ಬನ್ನಿ."

ಹೋಗುತ್ತಾ ಹೋಗುತ್ತಾ ಹೋಯಿತು. ಒಂದು ಬೆಳಗ್ಗೆ ದೊಡ್ಡಮ್ಮ ತಲೆ ಬಾಚಿಕೊಂಡು, ಇಸ್ತ್ರಿ ಸೀರೆ ಉಟ್ಟು ಕಾರ್ಖಾನೆಗೆ ಹೊರಟಳು. ಮನೆಯ ಯಜಮಾನ ಹಿಂದಿನ ದಿನವಷ್ಟೇ ಬಾಕಿ ಬಾಡಿಗೆಗೆಂದು ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಂಡು ಹೋಗಿದ್ದ.

ಮುಂದಿನದನ್ನು ನನಗೆ ಹೇಳಿದವಳು ಅವಳೇ. ವಾಸಿಯಾಯಿತು ಎಂದರೆ ಸೂಪರ್‌ವೈಸರ್ ನಂಬಲಿಲ್ಲ. ಮೆಟ್ಟಿಲ ಬಾಗಿಲ ಬಳಿಯ ಬೆಂಚು ತೋರಿಸಿ, "ಸಾಯಂಕಾಲದ ತನಕ ಇಲ್ಲೇ ಕೂತಿರು. ಒಂದೇ ಒಂದು ಕೆಮ್ಮು ಕೇಳಿಸಿದ್ರೂ ಹಾಗೇ ಮನೆಗೆ ನಡಿ. ಇಲ್ಲಾಂದ್ರೆ ಎಲ್ಲಾದ್ರೂ ಒಂದು ಜಾಗ ನೋಡೋಣ" ಅಂದ. ಹೊಲಿಯುವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೂತಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಟ್ಟೆಯ ನವಿರಾದ ಎಳೆ ಹಾರಿ ಬಂದಾಗೆಲ್ಲ ಗಂಟಲು ತುರಿಸಿದಂತಾಗಿ ಎಂಜಲು ನುಂಗಿಕೊಂಡಳಂತೆ. ಹೆಂಗಸರು ಅವಳನ್ನು ನೋಡಿಯೂ ನೋಡದವರಂತೆ ಹೊಲಿದರು.

ಮಧ್ಯಾಹ್ನ ಕಳೆದ ಮೇಲೆ ಸೂಪರ್‌ವೈಸರ್ ಕೆಳಗೆ ಇಳಿದ. ಗುಂಡಿಯಕ್ಕನಿಗೆ ತಡೆಯಲಾಗಲಿಲ್ಲ. ಮಿಷನ್ ನಿಲ್ಲಿಸಿ, ಲೋಟದಲ್ಲಿ ನೀರು ಹಿಡಿದುಕೊಂಡು ಬೆಂಚಿನ ಹತ್ತಿರ ಬಂದಳು. ಬಾಗಿಲಿಗೆ ಬೆನ್ನು ಮಾಡಿ ನಿಂತು, "ಗುಟುಕು ಗುಟುಕಾಗಿ ಕುಡೀರಿ ಅಕ್ಕಾ, ಗಂಟಲು ಒಣಗಬಾರದು" ಅಂದಳು.

ದೊಡ್ಡಮ್ಮನಿಗೆ ಅವಳ ಹೆಗಲಾಚೆ ತಿರುವಿನಲ್ಲಿ ಬೋಳುತಲೆ ಕಂಡಿತು. ಗುಂಡಿಯಕ್ಕ ತನ್ನ ಸೀಟಿಗೆ ಓಡಿಹೋಗುವಷ್ಟು ಹೊತ್ತು ಇನ್ನೂ ಇತ್ತು.

ದೊಡ್ಡಮ್ಮ ನೀರು ಕುಡಿದಳು.

ಮೂರನೆಯ ತಪ್ಪು. ಗುಂಡಿಯಕ್ಕನನ್ನು ಆ ಗಳಿಗೆಯಲ್ಲೇ ಕಳಿಸಿದರು. ಖಾಲಿಯಾದ ಗುಂಡಿ ಮಿಷನ್ನಿಗೆ ನಾಳೆಯಿಂದ ಬಾ ಎಂದು ದೊಡ್ಡಮ್ಮನಿಗೆ ಹೇಳಿದರು.

ಸಂಜೆ ಗುಂಡಿಯಕ್ಕ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಕೂಗಾಡಲಿಲ್ಲ, ಅಳಲಿಲ್ಲ. "ನೀವು ಮೆಟ್ಟಿಲ ಕಡೆಗೇ ಮುಖ ಮಾಡಿ ಕೂತಿದ್ರಿ. ಒಂದು ಸಲ ಕೆಮ್ಮಬಾರದಿತ್ತಾ ಅಕ್ಕಾ?" ಅಂದಳು.

"ಬರ್ಲಿಲ್ಲ ಕಣೆ" ಅಂದಳು ದೊಡ್ಡಮ್ಮ. "ವಾಸಿ ಆಗಿದೆಯಲ್ಲ."

ಗುಂಡಿಯಕ್ಕ ಅವಳನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನ ಬಾಯಿಂದ ಒಂದು ಮಾತು ಬರಲಿ ಎಂದು ಕಾದಂತಿತ್ತು. ಎಷ್ಟೋ ಜನರನ್ನು ಜಾಡಿಸುತ್ತೇನೆಂದು ಹಾರಾಡಿದವಳು ನಾನು. ಆದರೆ ಬಾಡಿಗೆ ಕೊಡಬೇಕಾದವಳು ದೊಡ್ಡಮ್ಮ, ಆ ಸೂರಿನ ಕೆಳಗೆ ಮಲಗುವವಳು ನಾನು. ನಾನು ಕೆಮ್ಮುವ ಹಾಗಿರಲಿಲ್ಲ.