ಅಣ್ಣ ಬಿಟ್ಟುಕೊಡದ ಆಟಗಾರ

ಚಳಿಗಾಲ ಹತ್ತಿರವಾಗುವ ಹೊತ್ತಿಗೆ, ಭಾನುವಾರ ಮಧ್ಯಾಹ್ನವೆಂದರೆ ವಾಷಿಂಗ್ಟನ್ ಬಳಿಯ ಕ್ಲಾರ್ಕ್ಸ್‌ಬರ್ಗಿನ ಅಣ್ಣನ ಮನೆಯ ಬೇಸ್‌ಮೆಂಟು, ಟಿವಿಯಲ್ಲಿ ಫುಟ್‌ಬಾಲು. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕದವರ ಫುಟ್‌ಬಾಲು. ಅಣ್ಣ ಹುಬ್ಬಳ್ಳಿಯಲ್ಲಿ ಕಬಡ್ಡಿ ಆಡಿ ಬೆಳೆದವನು, ಇಲ್ಲಿ ಸೇತುವೆ ಕಟ್ಟುವ ಇಂಜಿನಿಯರ್. ಅವನ ಜೊತೆ ಪ್ರತಿ ವಾರವೂ ಕೂರುತ್ತಿದ್ದವರು ಎರಡು ಬೀದಿ ಆಚೆಯ ಅವನ ಗೆಳೆಯರೊಬ್ಬರು, ಮೈಸೂರಿನವರು, ಸಾಫ್ಟ್‌ವೇರಿನಲ್ಲಿದ್ದವರು. ತಂಗಿಯಾದ ನಾನು ಪಕ್ಕದ ಜರ್ಮನ್‌ಟೌನಿನಿಂದ ಬರುತ್ತಿದ್ದದ್ದು ಆಟಕ್ಕಲ್ಲ, ಅಣ್ಣನ ಹೆಂಡತಿ ವೈನಿ ಕಲಸುವ ಮಂಡಕ್ಕಿ ಗಿರ್ಮಿಟ್ಟಿಗೆ. ಆದರೆ ಕೂತು ಕೂತು ಆಟವೂ ಅರ್ಥವಾಗತೊಡಗಿತು.

ಕೊರೋನಾ ಕಳೆದ ಮೇಲಿನ ವರ್ಷ ವಾಷಿಂಗ್ಟನ್ನಿನ ತಂಡಕ್ಕೆ ಒಬ್ಬ ಹೊಸ ರಿಸೀವರ್ ಬಂದ. ಮೈದಾನದ ಅಂಚಿನಿಂದ ಓಡಿಹೋಗಿ, ದೂರದಿಂದ ಎಸೆದ ಚೆಂಡನ್ನು ಹಿಡಿಯುವುದು ಅವನ ಕೆಲಸ. ಸಣ್ಣ ಕಾಲೇಜಿನಲ್ಲಿ ಆಡಿದವನು, ತೆಳ್ಳಗಿನ ಮೈ. ಟಿವಿಯವರು ಅವನ ಹೆಸರನ್ನೇ ಸರಿಯಾಗಿ ಹೇಳುತ್ತಿರಲಿಲ್ಲ. ಅಣ್ಣ ಮಾತ್ರ ಮೊದಲ ಆಟದಲ್ಲೇ ಅವನನ್ನು ಹಚ್ಚಿಕೊಂಡ.

"ಅಂವಾ ಓಡೂದು ನೋಡಲೇ. ಕಾವಲಿಗೆ ನಿಂತಂವ ಎಲ್ಲೋ, ಇಂವಾ ಎಲ್ಲೋ. ಚೆಂಡು ಇವನ ಕಡೆ ಒಗೀಲಿಲ್ಲಂದ್ರ ಇವನ ತಪ್ಪೇನು?"

"ಓಡ್ತಾನೆ ಮಾರಾಯ, ಓಡಲ್ಲ ಅಂದ್ನಾ ನಾನು? ಕೈಗೆ ಬಂದಿದ್ದನ್ನ ಡ್ರಾಪ್ ಮಾಡ್ತಾನಲ್ಲ! ರಿಸೀವರ್ ಅಂದ್ಮೇಲೆ ರಿಸೀವ್ ಮಾಡ್ಬೇಕಲ್ವೇನೋ?" ಎನ್ನುತ್ತಿದ್ದರು ಗೆಳೆಯರು.

"ಎರಡು ವರ್ಷ ತಡಿ."

"ಎರಡು ವರ್ಷ ಆದ್ಮೇಲೂ ನೀನು ಇದನ್ನೇ ಹೇಳ್ತಿರ್ತೀಯ."

ತಂಡ ಸೋತ ಮೇಲೂ ವಾದ ನಿಲ್ಲುತ್ತಿರಲಿಲ್ಲ. ಮೆಟ್ಟಿಲು ಹತ್ತಿ, ಬೂಟು ಹಾಕಿಕೊಂಡು, ಬಾಗಿಲ ಹೊರಗೆ ನಿಂತೂ ಮುಂದುವರಿಯುತ್ತಿತ್ತು. ವೈನಿ ಒಳಗಿನಿಂದ ಕೂಗುತ್ತಿದ್ದಳು: "ಬಾಗಲಾ ಹಾಕ್ರಿ, ಹೀಟ್ ಎಲ್ಲಾ ಹೊರಗ ಹೋಗಾಕತ್ತೈತಿ!"

ಮರುವರ್ಷದ ಬೇಸಿಗೆಯಲ್ಲಿ ಅಣ್ಣನ ಮಾತು ಸ್ವಲ್ಪ ತೊದಲತೊಡಗಿತು. ಹೊಸ ಹಲ್ಲು ಕಟ್ಟಿಸಿಕೊಂಡಿದ್ದ, ಅದರದೇ ಇರಬೇಕು ಎಂದುಕೊಂಡೆವು. ಫೋನಿನಲ್ಲಿ 'ರ' ಅಕ್ಷರ ಜಾರುವುದು ನನಗೆ ಕೇಳಿಸುತ್ತಿತ್ತು. ಆಮೇಲೆ ನೀರು ಕುಡಿದರೆ ಕೆಮ್ಮು ಬರತೊಡಗಿತು. ಒಬ್ಬರಾದ ಮೇಲೊಬ್ಬರು ಡಾಕ್ಟರರು ನೋಡಿ, ಕೊನೆಗೆ ಒಬ್ಬರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು ಹೇಳಿದರು: ಇದು ನರಗಳು ಒಂದೊಂದಾಗಿ ಸಾಯುವ ರೋಗ, ನಾಲಿಗೆಯಿಂದ ಶುರುವಾಗಿದೆ, ಕೈಕಾಲಿಗೂ ಉಸಿರಿಗೂ ಬರುತ್ತದೆ, ಔಷಧಿ ಇಲ್ಲ. ನಾನು ಲ್ಯಾಬಿನಲ್ಲಿ ಜೀವಕೋಶಗಳ ಜೊತೆ ಕೆಲಸ ಮಾಡುವವಳು. ಅವರು ಹೇಳಿದ್ದು ಪೂರ್ತಿ ಅರ್ಥವಾಯಿತು. ಅರ್ಥವಾಗದ ವೈನಿ ಆ ಕೋಣೆಯಲ್ಲಿ ನನಗಿಂತ ಗಟ್ಟಿಯಾಗಿದ್ದಳು.

ಆ ಸೀಸನ್ನಿನ ಮೊದಲ ಭಾನುವಾರ ಗೆಳೆಯರು ಎಂದಿನಂತೆ ಬಂದರು. ಅಣ್ಣ ಮೆತ್ತಗಿನ ಸೋಫಾ ಬಿಟ್ಟು ನೆಟ್ಟಗೆ ಕೂರುವ ಕುರ್ಚಿಯಲ್ಲಿದ್ದ. ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದ ಆ ಆಟಗಾರ, ಅಂಕ ಸಿಗುವ ಗೆರೆ ದಾಟಿದ ಮೇಲೆ ಎದೆಗೇ ಬಂದ ಚೆಂಡನ್ನು ಕೈಯಿಂದ ಬೀಳಿಸಿದ. ಎಷ್ಟು ಸುಲಭದ ಚೆಂಡೆಂದರೆ ನಾನೂ "ಅಯ್ಯೋ" ಎಂದೆ. ಅಣ್ಣ ತೊದಲುತ್ತ, ಎಸೆದವನದೇ ತಪ್ಪು ಎಂದ.

"ಹೌದು ಹೌದು, ನೀನು ಹೇಳೋದೂ ಸರಿ. ಥ್ರೋನೇ ಸರಿ ಇರ್ಲಿಲ್ಲ ಬಿಡು," ಎಂದರು ಗೆಳೆಯರು.

ಅಣ್ಣ ಅವರನ್ನೇ ನೋಡಿದ. ಕುತ್ತಿಗೆಯ ನರ ಉಬ್ಬಿ ಬಂತು. ಏನೋ ಹೇಳಿದ. ಗೆಳೆಯರಿಗೆ ತಿಳಿಯಲಿಲ್ಲ. ಮತ್ತೆ ಹೇಳಿದ. ಆಗಲೂ ತಿಳಿಯದೆ ಹೋದಾಗ ನನ್ನ ಕಡೆ ತಿರುಗಿ, ಹೇಳು ಎನ್ನುವಂತೆ ಕೈ ಮಾಡಿದ. ನನಗೆ ತಿಳಿದಿತ್ತು, ಹೇಳಲು ಬಾಯಿ ಬರಲಿಲ್ಲ. ಅಣ್ಣ ಕುರ್ಚಿಯ ಕೈ ಬಡಿದ.

"'ನನಗ ರೋಗ ಬಂದೈತಿ, ನಿನಗೇನು ಬಂದೈತಿ' ಅನ್ನಾಕತ್ತಾನ್ರಿ," ಎಂದೆ. "'ಸುಳ್ಳ ಹೂಂ ಅನ್ನೂದಾದ್ರ ನಾಳಿಂದ ಬರಬ್ಯಾಡ' ಅಂತ."

ಗೆಳೆಯರು ಎದ್ದು ಮೆಟ್ಟಿಲು ಹತ್ತಿ ಹೊರಗೆ ಹೋದರು. ಹೋಗಿಯೇಬಿಟ್ಟರೇನೋ ಎಂದು ನಾನು ಹಿಂದೆಯೇ ಹೋದೆ. ಗರಾಜಿನ ಮುಂದೆ, ಕಸದ ಡಬ್ಬಿಗಳ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ, "ಅಲರ್ಜಿ ಕಣಮ್ಮ, ಫಾಲ್ ಶುರುವಾಯ್ತಲ್ಲ," ಎಂದರು. ನಾನೂ "ಹೌದ್ರಿ" ಎಂದೆ. ಒಳಗೆ ಬಂದು ಕೂತವರೇ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು: "ನೋಡು, ಆ ಚೆಂಡನ್ನ ನಮ್ಮಮ್ಮ ಹಿಡೀತಿದ್ರು. ಸೆರಗಲ್ಲಿ ಹಿಡೀತಿದ್ರು. ನಿನ್ನ ಹೀರೋ ದಂಡ!"

ಅಣ್ಣ ನಕ್ಕ. ಆ ರೋಗದಲ್ಲಿ ನಗು ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ನಗುತ್ತ ನಗುತ್ತ ಅದು ಅಳುವಾಗಿಬಿಡುತ್ತದೆ. ವೈನಿ ಟವೆಲ್ ತಂದು ಅವನ ಬಾಯಿ, ಕಣ್ಣು ಎರಡನ್ನೂ ಒರೆಸಿದಳು. ಗೆಳೆಯರು ಟಿವಿ ನೋಡುತ್ತ ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮಾತು ಪೂರ್ತಿ ಹೋದ ಮೇಲೆ ಟ್ಯಾಬ್ಲೆಟ್ ಬಂತು. ಬೆರಳಿನಿಂದ ಒತ್ತಿದ್ದನ್ನು ಯಂತ್ರ ಓದಿ ಹೇಳುತ್ತಿತ್ತು, ಯಾವನೋ ಅಮೆರಿಕದವನ ದನಿಯಲ್ಲಿ. "ನಾನು ಈ ಬಿಳಿಯಪ್ಪನ ಜೊತೆ ಆರ್ಗ್ಯೂ ಮಾಡ್ಬೇಕಾ?" ಎಂದು ಗೆಳೆಯರು ಹಣೆ ಚಚ್ಚಿಕೊಂಡರು. ಅಣ್ಣ ಹುಬ್ಬಳ್ಳಿಯ ಬೈಗುಳವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ. ಯಂತ್ರ ಅದನ್ನು ಯಾವುದೋ ಊರಿನ ಹೆಸರಿನಂತೆ, ಬಹಳ ಮರ್ಯಾದೆಯಿಂದ ಓದಿತು. ಆ ದಿನ ವೈನಿಯೂ ನಕ್ಕಳು.

ಡಿಸೆಂಬರಿನ ಒಂದು ಆಟದಲ್ಲಿ ಆ ಆಟಗಾರ ಗಾಳಿಯಲ್ಲಿ ತಿರುಗಿ, ಒಂದೇ ಕೈಯಲ್ಲಿ ಚೆಂಡು ಹಿಡಿದ. ಅಷ್ಟು ಹೊತ್ತಿಗಾಗಲೇ ಅಣ್ಣನ ಬೆರಳಿಗೆ ಟ್ಯಾಬ್ಲೆಟ್ ಒತ್ತುವ ಶಕ್ತಿಯೂ ಉಳಿದಿರಲಿಲ್ಲ. ಅವನು ಕಣ್ಣು ಮಾತ್ರ ಗೆಳೆಯರ ಕಡೆ ತಿರುಗಿಸಿದ. "ಒಂದು ಹಿಡಿದ. ಒಂದು! ಒಂದಕ್ಕೆ ಏನಾಗತ್ತೆ?" ಎಂದರು ಅವರು. ಅವರ ದನಿ ಒಡೆದಿತ್ತು. ಅಣ್ಣನಿಗೆ ಅದು ಕೇಳಿಸಿತು ಎಂದು ನನಗೆ ಗೊತ್ತು.

ವಸಂತದಲ್ಲಿ ಚೆರ್ರಿ ಹೂ ಬಿಡುವ ಮೊದಲೇ ಅಣ್ಣ ಹೋದ. ಬೆಳಗಿನ ಹೊತ್ತು, ವೈನಿ ಕೈ ಹಿಡಿದುಕೊಂಡಿದ್ದಳು. ಇಲ್ಲಿ ಚಿತೆಗೆ ಬೆಂಕಿ ಇಡುವುದಿಲ್ಲ, ಯಂತ್ರದ ಗುಂಡಿ ಒತ್ತುತ್ತಾರೆ. ಅಟ್ಲಾಂಟಾದಿಂದ ಬಂದ ಅವನ ಮಗಳು ಒತ್ತಿದಳು, ಅವಳ ಬೆರಳಿನ ಮೇಲೆ ವೈನಿಯ ಬೆರಳು.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ, ರಾಕ್‌ವಿಲ್ಲಿನ ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಊಟ ಮಾಡುತ್ತಿದ್ದಾಗ ಗೆಳೆಯರ ಫೋನ್ ಬಂತು.

"ನಮ್ಮ ಹುಡುಗನ್ನ ತೆಗೆದುಬಿಟ್ರು ಕಣಮ್ಮ. ಟೀಮಿಂದ. ಈಗಷ್ಟೇ ನ್ಯೂಸ್ ಬಂತು."

ಅದುವರೆಗೆ ಅವರು ಆ ಆಟಗಾರನನ್ನು 'ನಮ್ಮ ಹುಡುಗ' ಎಂದದ್ದನ್ನು ನಾನು ಕೇಳಿರಲಿಲ್ಲ.

"ನಾನೇ ರೈಟ್ ಆದೆ ನೋಡು," ಎಂದರು. "ಎರಡು ವರ್ಷ ಹೇಳ್ತಾ ಬಂದೆನಲ್ಲ, ರೈಟ್ ಆದೆ. ಈಗ ಯಾರಿಗೆ ಹೇಳ್ಲಿ ಹೇಳಮ್ಮ?"

ಆಮೇಲೆ ಅವರು ಅತ್ತರು. ಅಲರ್ಜಿ ಎನ್ನಲಿಲ್ಲ. ನಾನೂ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಜನ ಓಡಾಡುವ ಜಾಗದಲ್ಲೇ ಅತ್ತೆ.

ಸೀಸನ್ ಶುರುವಾದಾಗ ವೈನಿ ಹಟ ಹಿಡಿದು ನಮ್ಮಿಬ್ಬರನ್ನೂ ಕರೆದಳು. ಬೇಸ್‌ಮೆಂಟಿನಲ್ಲಿ ಕೂತೆವು. ಹೊಸ ರಿಸೀವರ್ ಒಬ್ಬ ಚೆನ್ನಾಗಿ ಆಡಿದ, ತಂಡ ಗೆಲ್ಲುವಂತಿತ್ತು. "ಯಾಕ್ರಿ, ಇವತ್ತ ಯಾರನ್ನೂ ಬೈಯೂದಿಲ್ಲೇನು?" ಎಂದಳು ವೈನಿ. ಗೆಳೆಯರು "ಇಲ್ಲ ಅತ್ತಿಗೆ, ಎಲ್ಲಾ ಚೆನ್ನಾಗೇ ಆಡ್ತಿದಾರೆ," ಎಂದರು. ಅರ್ಧ ಆಟಕ್ಕೆ, ಮನೆಯಲ್ಲಿ ಏನೋ ಕೆಲಸವಿದೆ ಎಂದು ಎದ್ದರು. ಮುಂದಿನ ವಾರ ಬರಲಿಲ್ಲ. ಕರೆದರೆ ಬರುತ್ತಿದ್ದರೋ ಏನೋ, ನಾವೂ ಕರೆಯಲಿಲ್ಲ.

ಮನೆ ಮಾರಿ ವೈನಿ ಅಟ್ಲಾಂಟಾಕ್ಕೆ ಮಗಳ ಬಳಿ ಹೋದಳು. ಗೆಳೆಯರು ಈಗಲೂ ಕೆಲವೊಮ್ಮೆ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತಾರೆ. ಮಂಡಿ ನೋವಿನ ಮಾತಾಡುತ್ತಾರೆ, ಟ್ರಾಫಿಕ್ಕನ್ನು ಬೈಯುತ್ತಾರೆ, ವೈನಿ ಹೇಗಿದ್ದಾಳೆಂದು ಕೇಳುತ್ತಾರೆ, ಆಟದ ಮಾತು ಮಾತ್ರ ಎತ್ತುವುದಿಲ್ಲ. ಬಿಲ್ ಆದ ಮೇಲೆ ನನ್ನ ಅಕ್ಕಿಯ ಚೀಲವನ್ನು ಬೇಡವೆಂದರೂ ತಾವೇ ಎತ್ತಿ ಕಾರಿನಲ್ಲಿ ಇಡುತ್ತಾರೆ.