ವೈರಿಂಗ್ ಮೇಷ್ಟ್ರು ಕೇಳಿದ ಪ್ರಶ್ನೆ

ಕರೆಂಟಿನ ಬೋರ್ಡು ಬಿಚ್ಚಿದ ಕೂಡಲೇ ಅವರ ಎಡಗೈ ತಾನಾಗಿ ಬೆನ್ನ ಹಿಂದಕ್ಕೆ ಹೋಗುತ್ತಿತ್ತು. ಬಲಗೈಯೊಂದರಲ್ಲೇ ಟೆಸ್ಟರ್ ಹಿಡಿದು, ಬೋಳುತಲೆಯನ್ನು ತುಸು ಓರೆ ಮಾಡಿ ನಿಲ್ಲುತ್ತಿದ್ದರು. ಹಿಂದಿನಿಂದ ನೋಡಿದರೆ ಮಗುವಿಗೆ ಕೊಡಲು ಏನನ್ನೋ ಬಚ್ಚಿಟ್ಟುಕೊಂಡವರ ಹಾಗೆ ಕಾಣುವರು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ. "ಎರಡು ಕೈಯೂ ಕೊಟ್ರೆ ಕರೆಂಟು ಎದೆ ಹಾದು ಹೋಗ್ತೈತೆ ಕಣಮ್ಮ. ಒಂದು ಕೈ ಮನೇಗೆ ಇರ್ಲಿ" ಎಂದಿದ್ದರು.

ಕಡೂರಿನವರಾದ ಅವರನ್ನು ಎಲ್ಲರೂ ವೈರಿಂಗ್ ಮೇಷ್ಟ್ರು ಎನ್ನುತ್ತಿದ್ದರು. ಐಟಿಐಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಈ ಕೆಲಸಕ್ಕೆ ಇಳಿದವರು. ಹೊಸ ಮನೆಯ ವೈರಿಂಗ್ ಒಪ್ಪುತ್ತಿರಲಿಲ್ಲ. ಬೇರೆಯವರು ಮಾಡಿಟ್ಟದ್ದರಲ್ಲಿ ದೋಷ ಹುಡುಕುವುದೇ ಅವರಿಗೆ ಇಷ್ಟ. ಅಜ್ಜಂಪುರ, ದೇವನೂರು, ಎಲ್ಲಿಂದ ಕರೆದರೂ ಬಸ್ಸು ಹತ್ತುತ್ತಿದ್ದರು. ಬಂದವರು ಮೊದಲು ಕೂರುವರು. ಕಾಫಿಯನ್ನು ತಟ್ಟೆಗೆ ಸುರಿದು, ಆರಿಸಿ ಕುಡಿದು, "ಈಗ ಹೇಳಿ, ಮನೇಲಿ ಯಾರ್ಯಾರಿದೀರಿ?" ಎಂದು ಶುರುಮಾಡುವರು. ಹೆಣ್ಣು ನೋಡಲು ಬಂದವರ ಹಾಗೆ ಕೇಳುತ್ತಾರಲ್ಲ ಎಂದು ನನ್ನ ಗಂಡ ನನ್ನ ಕಿವಿಯಲ್ಲಿ ಗೊಣಗಿದ್ದರು.

ತರೀಕೆರೆಯ ನಮ್ಮ ಮನೆಗೆ ಅವರು ಮೊದಲು ಬಂದದ್ದು ಹೀಗೆ. ಮನೆಗೆ ಬಣ್ಣ ಹೊಡೆಸಿದಾಗ ಹೊಸ ಟ್ರಿಪ್ ಸ್ವಿಚ್ ಹಾಕಿಸಿದ್ದೆವು. ಎಲ್ಲಾದರೂ ಕರೆಂಟು ಸೋರಿದರೆ ತಾನೇ ಬಿದ್ದು ಇಡೀ ಮನೆಯ ಕರೆಂಟು ಕಡಿಯುವ ಸ್ವಿಚ್ ಅದು. ಹಾಕಿಸಿದ ಮೇಲೆ ಬೆಳಗಿನ ಹೊತ್ತು ಮತ್ತೆ ಮತ್ತೆ ಬೀಳತೊಡಗಿತು. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೆಷಿನ್ನು ಅರ್ಧ ಹೊಲಿಗೆಯಲ್ಲಿ ನಿಂತುಬಿಡುವುದು. ರಿಪೇರಿಯವರು ಮಧ್ಯಾಹ್ನ ಬಂದು ಮಿಕ್ಸಿ, ಮೋಟರು, ಗೀಸರು ಎಲ್ಲ ನೋಡಿ, ಏನೂ ಸಿಗದೆ, ಸ್ವಿಚ್ಚೇ ಸರಿಯಿಲ್ಲ ಎಂದು ಹೋದರು. ಕೊನೆಗೆ ಮೇಷ್ಟ್ರನ್ನು ಕರೆಸಿದೆವು.

"ಅದನ್ನ ತೆಗೆದು ಡೈರೆಕ್ಟ್ ಕೊಟ್ಬಿಡಿ ಮೇಷ್ಟ್ರೆ" ಎಂದರು ನನ್ನ ಗಂಡ. "ಇಷ್ಟು ವರ್ಷ ಅದಿಲ್ದೇನೇ ಇದ್ವಲ್ಲ."

ಮೇಷ್ಟ್ರು ಕಾಫಿ ತಟ್ಟೆ ಕೆಳಗಿಟ್ಟರು. "ಡೈರೆಕ್ಟ್ ಕೊಟ್ಟ ಮನೆಗೆ ನಾನು ಮಣ್ಣಿಗೆ ಹೋಗಿ ಬಂದೀನಪ್ಪ. ಇನ್ನೊಂದು ಸಲ ಹೋಗಕ್ಕಾಗಲ್ಲ."

ನನ್ನ ಗಂಡ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತರು.

ಸ್ವಿಚ್ಚು ಬೀಳುವ ಮುಂಚೆ ಯಾರು ಏನು ಮಾಡುತ್ತಿರುತ್ತೀರಿ ಎಂದು ಅವರು ಒಬ್ಬೊಬ್ಬರನ್ನೇ ಕೇಳಿದರು. ನಾನು ಹೊಲಿಗೆ ಎಂದೆ, ನನ್ನ ಗಂಡ ಅಂಗಡಿಗೆ ಹೊರಡುತ್ತಿರುತ್ತೇನೆ ಎಂದರು. ಆಮೇಲೆ ಮೇಷ್ಟ್ರು, ಬಾಗಿಲ ಪಕ್ಕ ಕೂತಿದ್ದ ನನ್ನ ಗಂಡನ ಅಜ್ಜಿಯ ಕಡೆ ತಿರುಗಿದರು.

"ನೀವೇನ್ ಮಾಡ್ತಿರ್ತೀರಿ ಅಜ್ಜಿ?"

"ನಂದೇನಪ್ಪ. ಮೈ ತೊಳ್ಕೊಂಡು, ಸೀರೆ ಹಿಂಡಿ, ಬಚ್ಚಲ ಕಂಬಿ ಮೇಲೆ ಹಾಕ್ತೀನಿ. ಕೈ ಜುಂ ಅಂತೈತೆ. ನರದ ಕಾಯ್ಲೆಯಂತೆ, ಮಾತ್ರೆ ತಗೊಂತಿದೀನಿ."

ಮೇಷ್ಟ್ರು ಎದ್ದು ನಿಂತರು. "ಎಲ್ಲಿ ಮುಟ್ಟಿದಾಗ ಅಜ್ಜಿ? ಬನ್ನಿ, ತೋರ್ಸಿ. ಮುಟ್ಬೇಡಿ, ದೂರದಿಂದ ತೋರ್ಸಿ."

ಮೇನ್ ಆಫ್ ಮಾಡಿ ಕಂಬಿ ಬಿಚ್ಚಿದರು. ಅದರ ಒಂದು ಸ್ಕ್ರೂ ಗೋಡೆಯೊಳಗಿನ ಪೈಪಿಗೆ ಇಳಿದು ಅದರಲ್ಲಿದ್ದ ವೈರಿನ ಮೈ ಸುಲಿದಿತ್ತು. ಒದ್ದೆ ಸೀರೆಯ ನೀರು ಗೋಡೆಗೆ ಇಳಿದಾಗ ಕರೆಂಟು ಸೋರುತ್ತಿತ್ತು, ಸ್ವಿಚ್ಚು ಬೀಳುತ್ತಿತ್ತು. ಮಧ್ಯಾಹ್ನಕ್ಕೆ ಗೋಡೆ ಒಣಗಿರುತ್ತಿದ್ದುದರಿಂದ ಬಂದವರಿಗೆ ಏನೂ ಸಿಕ್ಕಿರಲಿಲ್ಲ. ಆ ಕಂಬಿಯನ್ನೂ ಬಣ್ಣ ಹೊಡೆಸಿದಾಗಲೇ ಹಾಕಿಸಿದ್ದು. ಅಜ್ಜಿ ಜಾರಿದರೆ ಹಿಡಿದುಕೊಳ್ಳಲಿ ಎಂದು ನನ್ನ ಗಂಡ ತಾವೇ ಮುಂದೆ ನಿಂತು ಹಾಕಿಸಿದ್ದರು. ಈಗ ಆ ಸ್ಕ್ರೂವನ್ನು ಅಂಗೈಯಲ್ಲಿಟ್ಟುಕೊಂಡು ಬಚ್ಚಲ ಹೊಸಲಿನಲ್ಲೇ ಕುಳಿತುಬಿಟ್ಟರು.

ಮೇಷ್ಟ್ರು ಅವರ ಭುಜ ಮುಟ್ಟಿದರು. "ಒಳ್ಳೇದಕ್ಕೇ ಹಾಕ್ಸಿದ್ದೆ ಕಣಪ್ಪ, ಬಿಡು. ಸ್ವಿಚ್ಚೂ ಹೇಳ್ತಿತ್ತು, ಅಜ್ಜಿನೂ ಹೇಳ್ತಿದ್ರು. ಇನ್ಮೇಲೆ ಕೇಳಿದ್ರಾಯ್ತು."

ಆಮೇಲೆ ತರೀಕೆರೆಗೆ ಬಂದಾಗಲೆಲ್ಲ ಅಜ್ಜಿಯನ್ನು ಮಾತಾಡಿಸದೆ ಹೋಗುತ್ತಿರಲಿಲ್ಲ. ಕೆಲಸವಿಲ್ಲದಿದ್ದರೂ ಬರುವರು. ಇಬ್ಬರೂ ಜಗಲಿಯ ಮೇಲೆ ಕೂತು, ಹಳೇ ಕಾಲದ ಬುಡ್ಡಿದೀಪದ ಮಾತು ತೆಗೆದು ನಗುತ್ತಿದ್ದರು.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಮೇಷ್ಟ್ರು ಹೋಗಿಬಿಟ್ಟರು. ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಹೊರಗೆ ಹೋಗುವುದನ್ನೇ ಬಿಟ್ಟಿದ್ದ ಅಜ್ಜಿ ನಾನೂ ಬರುತ್ತೇನೆ ಎಂದು ಹಟ ಹಿಡಿದರು. ಕಡೂರಿನ ಆ ಮನೆಯಲ್ಲಿ ಜನ ತುಂಬಿದ್ದರು. ಅಜ್ಜಿ ನೇರ ಹೋಗಿ ಮೇಷ್ಟ್ರ ಹೆಂಡತಿಯ ಕೈ ಹಿಡಿದುಕೊಂಡರು.

"ಎಲ್ರೂ ನಂಗೆ ವಯಸ್ಸಾಯ್ತು ಅಂದ್ರು ಕಣವ್ವ. ನಿನ್ನ ಗಂಡ ಒಬ್ಬ, ಎಲ್ಲಿ ಮುಟ್ಟಿದಾಗ ಅಂತ ಕೇಳ್ದ."

ಮೇಷ್ಟ್ರ ಹೆಂಡತಿಗೆ ಇದು ಯಾವ ವಿಷಯ ಎಂದು ತಿಳಿಯಲಿಲ್ಲ. ಹೋದ ಮನೆಗಳ ವಿಷಯವನ್ನು ಮೇಷ್ಟ್ರು ಮನೆಯಲ್ಲಿ ಹೇಳುತ್ತಲೇ ಇರಲಿಲ್ಲವಂತೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಜ್ಜಿಗೆ ಚಾಪೆಯ ಮೇಲೆ ತಮ್ಮ ಪಕ್ಕದಲ್ಲೇ ಜಾಗ ಮಾಡಿದರು.

"ಕೂತ್ಕೊಳ್ಳಿ" ಎಂದರು. "ಮೊದ್ಲಿಂದ ಹೇಳಿ."